ತೂಕ ಇಳಿಸಲು ಜಠರ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಆಗಿ ನಾಲ್ಕು ತಿಂಗಳು, ಕೂದಲು ಹಿಡಿ ಹಿಡಿಯಾಗಿ ಉದುರುತ್ತಿದೆ. ನಿಮಗೂ ಹೀಗೇ ಆಗಿತ್ತಾ?

ಸಂಪಿಗೆ_ತುಮಕೂರು:
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಸ್ಲೀವ್ ಮಾಡಿಸಿಕೊಂಡೆ. ತೂಕ 112ರಿಂದ 89ಕ್ಕೆ ಬಂದಿದೆ. ಶುಗರ್ ಮಾತ್ರೆ ಅರ್ಧ ಆಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಇದರಲ್ಲಿ ನನಗೆ ಸ್ವಲ್ಪವೂ ಬೇಜಾರಿಲ್ಲ.

ಆದರೆ ಹೋದ ತಿಂಗಳಿಂದ ಕೂದಲು ವಿಪರೀತ ಉದುರುತ್ತಿದೆ. ತಲೆಗೆ ನೀರು ಹಾಕಿಕೊಂಡರೆ ಬಚ್ಚಲ ಜಾಲರಿ ಕಟ್ಟಿಕೊಳ್ಳುತ್ತದೆ. ದಿಂಬಿನ ಮೇಲೆ, ಚಪಾತಿ ಹಿಟ್ಟಿನಲ್ಲಿ, ಮಗನ ಯೂನಿಫಾರಂ ಮೇಲೆ, ಎಲ್ಲಾ ಕಡೆ ಕೂದಲು. ಸೊಂಟದ ತನಕ ಇದ್ದ ಜಡೆ ಈಗ ಇಲಿಬಾಲ ಆಗಿದೆ. ಬೈತಲೆ ಅಗಲವಾಗಿ ನೆತ್ತಿ ಕಾಣುತ್ತಿದೆ. ಮನೆಯಲ್ಲಿ "ಹೊಟ್ಟೆ ಕೊಯ್ಸಿಕೊಂಡಿದ್ದಕ್ಕೇ ಹೀಗಾಯ್ತು" ಅನ್ನುತ್ತಾರೆ. ಆಪರೇಷನ್‌ಗೆ ಮುಂಚೆ "ಸ್ವಲ್ಪ ಕೂದಲು ಉದುರಬಹುದು" ಅಂತ ಒಂದೇ ಒಂದು ಮಾತು ಹೇಳಿದ್ದರು, ಅಷ್ಟೇ.

ಇದು ನಿಲ್ಲುತ್ತದಾ? ಕೂದಲಿಗೆ ಅಂತ ಕೊಡುವ ಬಯೋಟಿನ್ ವಿಟಮಿನ್ ಮಾತ್ರೆ ಶುರು ಮಾಡಲಾ? ನವೆಂಬರ್‌ನಲ್ಲಿ ತಮ್ಮನ ಮದುವೆ ಬೇರೆ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮಲೆನಾಡ_ಮಳೆ:
ನನಗೂ ಹೀಗೇ ಆಗಿತ್ತು. ನಿಂತಿತು. ಹೆದರಬೇಡಿ.

ಧಾರವಾಡ_ಅಕ್ಕ:
ತಂಗಿ, ಮೊದಲು ಒಂದು ಲೋಟ ನೀರು ಕುಡಿದು ಸಮಾಧಾನವಾಗಿ ಓದು. ನನ್ನದು ಬೈಪಾಸ್ (ಹೃದಯದ್ದಲ್ಲ, ತೂಕ ಇಳಿಸಲು ಜಠರಕ್ಕೆ ಮಾಡುವುದು), ಮೂರು ವರ್ಷದ ಹಿಂದಿನದು. ಸರಿಯಾಗಿ ಮೂರನೇ ತಿಂಗಳು ದಾಟಿದ ಮೇಲೆ ಶುರುವಾಯಿತು. ಏಳನೇ ತಿಂಗಳ ಹೊತ್ತಿಗೆ ಕಡಿಮೆ ಆಯಿತು. ವರ್ಷ ತುಂಬುವಾಗ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ಎದ್ದು ನಿಂತಿದ್ದವು. ಈಗ ಮೊದಲಿನಷ್ಟೇ ಇದೆ.

ನಡುವಿನ ಆ ನಾಲ್ಕು ತಿಂಗಳು ಮಾತ್ರ ಬಹಳ ಕಷ್ಟ. "ಏನೂ ಆಗಲ್ಲ ಬಿಡು" ಅಂತ ಹೇಳುವವರ ಮೇಲೆ ಸಿಟ್ಟು ಬರುತ್ತದೆ. ಅಳು ಬಂದರೆ ಅತ್ತುಬಿಡು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಜಡೆ ಹೊಗಳಿಯೇ ಬೆಳೆಸಿರುತ್ತಾರೆ. ಅದು ಕಣ್ಣೆದುರು ಹೋಗುವಾಗ ದುಃಖ ಆಗುವುದು ಸಹಜ ಅಲ್ವಾ.

ನೇರಮಾತು:
ಊಟ ಕಡಿಮೆ ಮಾಡಿ ದಿನಾ ವಾಕಿಂಗ್ ಹೋಗಿದ್ದರೆ ಈ ಆಪರೇಷನ್ ಬೇಕಾಗುತ್ತಿರಲಿಲ್ಲ. ಕೂದಲೂ ಉಳಿಯುತ್ತಿತ್ತು.

ಧಾರವಾಡ_ಅಕ್ಕ:
ಕೇಳಿದ ಪ್ರಶ್ನೆ ಅದಲ್ಲ. ಶುಗರ್ ಇರುವವರಿಗೆ, ಉಸಿರು ಕಟ್ಟಿ ರಾತ್ರಿ ನಿದ್ದೆ ಬರದವರಿಗೆ ಡಾಕ್ಟರೇ ಹೇಳಿ ಮಾಡಿಸುವ ಆಪರೇಷನ್ ಇದು. ಇಪ್ಪತ್ತು ವರ್ಷ ಡಯಟ್ ಮಾಡಿ ಸೋತವರ ಹತ್ತಿರ ವಾಕಿಂಗ್ ಮಾತು ಆಡಬೇಡಿ.

ಚರ್ಮವೈದ್ಯೆ_ಮೈಸೂರು:
ನೇರಮಾತು ಅವರೇ, ಒಂದು ವಿಷಯ. ಬರೀ ಪಥ್ಯ ಮಾಡಿ ಬೇಗ ಬೇಗ ತೂಕ ಇಳಿಸಿದರೂ ಕೂದಲು ಹೀಗೇ ಉದುರುತ್ತದೆ. ಕ್ರ್ಯಾಶ್ ಡಯಟ್ ಮಾಡಿ ಬರುವ ಹುಡುಗಿಯರನ್ನು ನಾನು ದಿನಾ ನೋಡುತ್ತೇನೆ. ಹಾಗಾಗಿ ಕತ್ತರಿಯ ಮೇಲೆ ತಪ್ಪು ಹೊರಿಸಬೇಡಿ.

ಸಂಪಿಗೆ ಅವರೇ, ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅನ್ನುತ್ತಾರೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಸಾಮಾನ್ಯವಾಗಿ ನೂರರಲ್ಲಿ 85-90 ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ವಿಶ್ರಾಂತಿಗೆ ಹೋದ ಕೂದಲು ಎರಡು-ಮೂರು ತಿಂಗಳು ಹಾಗೇ ನಿಂತಿದ್ದು ಆಮೇಲೆ ಉದುರುತ್ತದೆ. ದಿನಕ್ಕೆ 50ರಿಂದ 100 ಹೋಗುವುದು ಎಲ್ಲರಿಗೂ ಇದ್ದದ್ದೇ. ದೊಡ್ಡ ಆಪರೇಷನ್, ಅನಸ್ತೇಸಿಯಾ, ಊಟ ದಿಢೀರನೆ ಇಳಿದದ್ದು, ತೂಕ ಸರಸರ ಕರಗಿದ್ದು, ಇವೆಲ್ಲ ಸೇರಿದಾಗ ದೇಹ ಒಂದೇ ಸಲ ತುಂಬಾ ಕೂದಲನ್ನು ವಿಶ್ರಾಂತಿಗೆ ಕಳಿಸುತ್ತದೆ. ಅವೇ ಮೂರು ತಿಂಗಳ ನಂತರ ಒಟ್ಟಿಗೆ ಉದುರುವುದು. ಅಂದರೆ ನೀವು ಈಗ ನೋಡುತ್ತಿರುವುದು ಫೆಬ್ರವರಿಯ ಲೆಕ್ಕ.

ಬೇರು ಸತ್ತಿಲ್ಲ. ಅದೇ ಜಾಗದಲ್ಲಿ ಹೊಸ ಕೂದಲು ಬರುತ್ತದೆ. ಬಾಣಂತಿಯರಿಗೆ, ಡೆಂಗಿ ಅಥವಾ ಟೈಫಾಯ್ಡ್ ಬಂದು ಹೋದವರಿಗೆ, ಕೋವಿಡ್ ಆದವರಿಗೆ ಉದುರಿದ್ದೂ ಇದೇ ರೀತಿಯಲ್ಲೇ.

ಮಲೆನಾಡ_ಮಳೆ:
ಹೌದು ಹೌದು, ಎರಡನೇ ಬಾಣಂತನ ಮುಗಿದ ಮೇಲೂ ನನಗೆ ಹೀಗೇ ಆಗಿತ್ತು. ಅಮ್ಮ ಮಗುವಿಗೆ ದೃಷ್ಟಿ ತೆಗೆಯುವಾಗ ನನ್ನ ಜಡೆಗೂ ತೆಗೆಯುತ್ತಿದ್ದರು.

ಗರಗ_ಎಣ್ಣೆ:
ಗರಗದ ಸೊಪ್ಪು, ದಾಸವಾಳ, ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚಿ. ವಾರಕ್ಕೆ ಎರಡು ಸಲ ಈರುಳ್ಳಿ ರಸ. ಒಂದೇ ತಿಂಗಳಲ್ಲಿ ನಿಲ್ಲುತ್ತದೆ, ಗ್ಯಾರಂಟಿ.

ಚರ್ಮವೈದ್ಯೆ_ಮೈಸೂರು:
ಎಣ್ಣೆ ಹಚ್ಚಿ, ತೊಂದರೆ ಇಲ್ಲ. ಕೂದಲು ತುಂಡಾಗುವುದು ಕಡಿಮೆ ಆಗುತ್ತದೆ, ತಲೆಗೂ ಹಿತ. ಆದರೆ ಮೂರು ತಿಂಗಳ ಹಿಂದೆಯೇ ವಿಶ್ರಾಂತಿಗೆ ಹೋದ ಕೂದಲನ್ನು ಯಾವ ಎಣ್ಣೆಯೂ ಹಿಡಿದಿಡುವುದಿಲ್ಲ. ಈರುಳ್ಳಿ ರಸದಿಂದ ನೆತ್ತಿ ಉರಿದು ಕೆಂಪಾಗಿ ಬರುವವರಿದ್ದಾರೆ. ಅದನ್ನು ಬಿಡಿ.

ಗರಗ_ಎಣ್ಣೆ:
ನಮ್ಮಜ್ಜಿ ಎಂಬತ್ತು ವರ್ಷದ ತನಕ ತುರುಬು ಕಟ್ಟುತ್ತಿದ್ದರು. ಡಾಕ್ಟರ್ ಹತ್ತಿರ ಹೋದವರೇ ಅಲ್ಲ.

ಕಬ್ಬಿನಗದ್ದೆ:
ನಿಮ್ಮ ಅಜ್ಜಿ ಹೊಟ್ಟೆಯ ಮುಕ್ಕಾಲು ಭಾಗ ತೆಗೆಸಿಕೊಂಡಿರಲಿಲ್ಲವಲ್ಲ ಸ್ವಾಮಿ. ಸ್ಲೀವ್‌ನಲ್ಲಿ ಜಠರದ ನೂರಕ್ಕೆ 75-80 ಭಾಗ ಹೋಗಿರುತ್ತದೆ. ನಮ್ಮ ಸಮಸ್ಯೆ ನೆತ್ತಿಯ ಮೇಲಿಲ್ಲ, ತಟ್ಟೆಯಲ್ಲಿದೆ.

ಡಯಟಿಷಿಯನ್_ಮಂಗಳೂರು:
ಕಬ್ಬಿನಗದ್ದೆ ಅವರ ಮಾತಿಗೆ ನನ್ನ ಪೂರ್ತಿ ಸಹಮತ. ಸಂಪಿಗೆ ಅವರೇ, ನಿನ್ನೆ ಇಡೀ ದಿನ ಏನು ತಿಂದಿರಿ? ಮರೆಯದೆ ಎಲ್ಲಾ ಬರೆಯಿರಿ.

ಸಂಪಿಗೆ_ತುಮಕೂರು:
ಬೆಳಿಗ್ಗೆ ಒಂದು ಇಡ್ಲಿ, ಚಟ್ನಿ. ಹನ್ನೊಂದಕ್ಕೆ ಅರ್ಧ ಲೋಟ ಟೀ. ಮಧ್ಯಾಹ್ನ ನಿಂಬೆಹಣ್ಣಿನ ಗಾತ್ರದ ಮುದ್ದೆ, ಬಸ್ಸಾರು. ಸಂಜೆ ಒಂದು ಲೋಟ ಮಜ್ಜಿಗೆ. ರಾತ್ರಿ ಅರ್ಧ ಚಪಾತಿ, ಪಲ್ಯ. ಅಷ್ಟಕ್ಕೇ ಹೊಟ್ಟೆ ಬಿಗಿಯುತ್ತದೆ. ಪ್ರೋಟೀನ್ ಪುಡಿ ಮೊದಲ ತಿಂಗಳು ಕುಡಿದೆ, ಆಮೇಲೆ ವಾಕರಿಕೆ ಬಂದು ಬಿಟ್ಟೆ.

ಡಯಟಿಷಿಯನ್_ಮಂಗಳೂರು:
ಇದರಲ್ಲಿ ಹೆಚ್ಚೆಂದರೆ 20 ಗ್ರಾಂ ಪ್ರೋಟೀನ್ ಇದೆ. ನಿಮಗೆ ದಿನಕ್ಕೆ ಕಡಿಮೆ ಎಂದರೂ 60 ಗ್ರಾಂ ಬೇಕು. ಪ್ರೋಟೀನ್ ಸಾಲದಿದ್ದರೆ ದೇಹ ಮೊದಲು ಹೃದಯ, ಗಾಯ ಮಾಯುವುದು, ಇವನ್ನು ನೋಡಿಕೊಳ್ಳುತ್ತದೆ. ಕೂದಲಿನ ಸರದಿ ಕಡೆಗೆ.

ತಟ್ಟೆಯಲ್ಲಿ ಮೊದಲು ಪ್ರೋಟೀನ್ ತಿನ್ನಿ, ಆಮೇಲೆ ಪಲ್ಯ, ಜಾಗ ಉಳಿದರೆ ಮುದ್ದೆ ಅಥವಾ ಅನ್ನ. ಒಂದು ಮೊಟ್ಟೆಗೆ 6 ಗ್ರಾಂ. 100 ಗ್ರಾಂ ಪನೀರ್‌ಗೆ ಸುಮಾರು 18. ಒಂದು ಲೋಟ ಹಾಲಿಗೆ 6-7. ಮೀನು ತಿನ್ನುವವರಾದರೆ ಬಂಗುಡೆ ತುಂಬಾ ಒಳ್ಳೆಯದು, ಮೆತ್ತಗಿರುತ್ತದೆ, ಇಳಿಯುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ ತಿನ್ನಿ. ಮಜ್ಜಿಗೆಯಲ್ಲಿ ಬರೀ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಕಡಿಮೆ. ಊಟದ ಜೊತೆ ನೀರು ಕುಡಿಯಬೇಡಿ. ಊಟ ಆಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ.

ಸಕ್ಕರೆನಾಡು:
ರಾಗಿ ಮುದ್ದೆಯಲ್ಲಿ ಪ್ರೋಟೀನ್ ಇಲ್ಲ ಅಂತೀರಾ? ಮುದ್ದೆ ತಿಂದೇ ನಮ್ಮವರು ಗದ್ದೆ ಉತ್ತಿದ್ದು.

ಡಯಟಿಷಿಯನ್_ಮಂಗಳೂರು:
ಇದೆ, ಆದರೆ ಕಡಿಮೆ. 100 ಗ್ರಾಂ ರಾಗಿ ಹಿಟ್ಟಿಗೆ 7 ಗ್ರಾಂ. ರಾಗಿಯ ಶಕ್ತಿ ಕ್ಯಾಲ್ಸಿಯಂನಲ್ಲಿದೆ, ಅಷ್ಟೇ ಹಿಟ್ಟಿಗೆ 340 ಮಿಲಿಗ್ರಾಂ ದಾಟುತ್ತದೆ. ಗದ್ದೆ ಉಳುವವರು ಎರಡು ದೊಡ್ಡ ಮುದ್ದೆ, ಜೊತೆಗೆ ಹುರುಳಿ ಸಾರು ಹಾಕಿಕೊಂಡು ತಿನ್ನುತ್ತಿದ್ದರು. ಇವರಿಗೆ ಇಳಿಯುವುದು ನಿಂಬೆಹಣ್ಣಿನಷ್ಟು. ಆ ಜಾಗವನ್ನು ಮುದ್ದೆಗೆ ಕೊಟ್ಟರೆ ಬೇರೆಯದಕ್ಕೆ ಜಾಗವೇ ಇಲ್ಲ.

ಸಕ್ಕರೆನಾಡು:
ಹಾಗಾದರೆ ಹುರುಳಿ?

ಡಯಟಿಷಿಯನ್_ಮಂಗಳೂರು:
ಹುರುಳಿ ಬಂಗಾರ. ಹಸಿ ಕಾಳು 100 ಗ್ರಾಂಗೆ 22 ಗ್ರಾಂ ಸುಮಾರು. ಆದರೆ ಬಸಿದ ಕಟ್ಟು ಕುಡಿದು ಕಾಳು ಬಿಡಬೇಡಿ. ಪ್ರೋಟೀನ್ ಇರುವುದು ಕಾಳಿನಲ್ಲಿ. ಮೊಳಕೆ ಕಟ್ಟಿಸಿ, ಚೆನ್ನಾಗಿ ಬೇಯಿಸಿ, ನುಣ್ಣಗೆ ಅರೆದು ತಿನ್ನಿ.

ಶಿರಸಿ_ತಂಬುಳಿ:
ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಅಣ್ಣನಿಗೆ ಮುಂದಿನ ತಿಂಗಳು ಆಪರೇಷನ್. ನಾವು ಏನು ಮಾಡಬೇಕು?

ಡಯಟಿಷಿಯನ್_ಮಂಗಳೂರು:
ಪನೀರ್, ನೀರು ಇಳಿಸಿದ ಮೊಸರು, ಸೋಯಾ. ಒಣ ಸೋಯಾ ಚಂಕ್ಸ್‌ನಲ್ಲಿ ಅರ್ಧದಷ್ಟು ಪ್ರೋಟೀನೇ ಇದೆ. ನೆನೆಸಿ, ಹಿಂಡಿ, ಮಿಕ್ಸಿಯಲ್ಲಿ ಪುಡಿ ಮಾಡಿ ಉಪ್ಪಿಟ್ಟಿಗೆ ಹಾಕಿ. ಆದರೂ ಮೊದಲ ಆರು ತಿಂಗಳು ವೇ (ಹಾಲಿನಿಂದ ತೆಗೆದ ಪ್ರೋಟೀನ್) ಪುಡಿ ಇಲ್ಲದೆ ಸಸ್ಯಾಹಾರಿಗಳಿಗೆ 60 ಮುಟ್ಟುವುದು ಬಹಳ ಕಷ್ಟ. ಸಿಹಿ ವಾಸನೆಗೆ ವಾಕರಿಕೆ ಬಂದರೆ ಫ್ಲೇವರ್ ಇಲ್ಲದ ಪುಡಿ ತನ್ನಿ. ತಿಳಿಸಾರಿಗೆ, ತಂಬುಳಿಗೆ ಬೆರೆಸಬಹುದು. ಕುದಿಯುವಾಗ ಹಾಕಿದರೆ ಗಂಟು ಕಟ್ಟುತ್ತದೆ. ಉಗುರು ಬೆಚ್ಚಗೆ ಆದ ಮೇಲೆ ಹಾಕಿ.

ಶಿರಸಿ_ತಂಬುಳಿ:
ತಂಬುಳಿಗೆ ಹಾಕಬಹುದು ಅಂತ ಗೊತ್ತಿರಲಿಲ್ಲ. ಒಂದೆಲಗದ ತಂಬುಳಿ ಮಾಡಿ ನೋಡುತ್ತೇನೆ.

ಕಬ್ಬಿನಗದ್ದೆ:
ಬಯೋಟಿನ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಮೆಡಿಕಲ್ ಶಾಪ್‌ನವರೇ 10,000 ಮೈಕ್ರೋಗ್ರಾಂ ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ತಿಂದೆ.

ಮಲೆನಾಡ_ಮಳೆ:
ನನಗೆ ಬಯೋಟಿನ್‌ನಿಂದಲೇ ನಿಂತಿದ್ದು. ಉಗುರು ಕೂಡ ಗಟ್ಟಿಯಾಯಿತು.

ಚರ್ಮವೈದ್ಯೆ_ಮೈಸೂರು:
ಮಳೆ ಅವರೇ, ನೀವು ಯಾವ ತಿಂಗಳಲ್ಲಿ ಶುರು ಮಾಡಿದಿರಿ?

ಮಲೆನಾಡ_ಮಳೆ:
ಐದನೇ ತಿಂಗಳು.

ಚರ್ಮವೈದ್ಯೆ_ಮೈಸೂರು:
ಆರು-ಏಳನೇ ತಿಂಗಳಿಗೆ ಅದು ತಾನಾಗಿಯೇ ನಿಲ್ಲುವ ಸಮಯ. ಆ ಹೊತ್ತಿಗೆ ಏನು ತಿಂದಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ. ಬಯೋಟಿನ್ ಕೊರತೆ ನಿಜವಾಗಿ ಇದ್ದವರಿಗೆ ಮಾತ್ರ ಅದು ಕೆಲಸ ಮಾಡುತ್ತದೆ, ಅಂಥವರು ಕಡಿಮೆ.

ಇನ್ನೊಂದು ಮುಖ್ಯ ವಿಷಯ ಇದೆ. ಜಾಸ್ತಿ ಡೋಸ್ ಬಯೋಟಿನ್ ರಕ್ತಪರೀಕ್ಷೆಯನ್ನೇ ಕೆಡಿಸುತ್ತದೆ. ಥೈರಾಯ್ಡ್ ತೊಂದರೆ ಇಲ್ಲದವರಿಗೆ ಇದೆ ಅನ್ನುವ ಹಾಗೆ ರಿಪೋರ್ಟ್ ಬರಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯಲ್ಲಿ ಇದ್ದದ್ದು ಇಲ್ಲ ಅಂತ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ತಿನ್ನುತ್ತಿದ್ದರೆ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ, ಲ್ಯಾಬ್‌ನವರಿಗೆ ಹೇಳಿ.

ಮಲೆನಾಡ_ಮಳೆ:
ಇದು ಯಾರೂ ಹೇಳಿರಲಿಲ್ಲ. ಆದರೂ ನನ್ನ ಉಗುರು ಗಟ್ಟಿಯಾಗಿದ್ದು ಸುಳ್ಳಲ್ಲ.

ಲಂಡನ್_ಕನ್ನಡತಿ:
ಇಲ್ಲಿ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಮಾಡಿಸಿಕೊಂಡವರಿಗೆ ಕನಿಷ್ಠ ಎರಡು ವರ್ಷ ಆಸ್ಪತ್ರೆಯವರೇ ಫಾಲೋ-ಅಪ್ ಮಾಡಬೇಕು ಅಂತ ನಿಯಮ ಇದೆ. ಆಮೇಲೂ ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಜೀವನಪರ್ಯಂತ. ಊರಿನಲ್ಲಿ ನನ್ನ ಅಕ್ಕನಿಗೆ ಆಪರೇಷನ್ ಆದ ಮೇಲೆ ಒಂದು ಫೋನ್ ಕೂಡ ಬಂದಿಲ್ಲ. ಊರಿನಲ್ಲಿರುವವರು ಪರೀಕ್ಷೆಯ ತಾರೀಕನ್ನು ನೀವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಸಂಪಿಗೆ_ತುಮಕೂರು:
ಯಾವ ಯಾವ ಪರೀಕ್ಷೆ? ನನಗೆ ಹಿಮೋಗ್ಲೋಬಿನ್ ಮಾತ್ರ ನೋಡಿದ್ದಾರೆ. 12.1 ಇದೆ, ನಾರ್ಮಲ್ ಅಂದರು.

ಚರ್ಮವೈದ್ಯೆ_ಮೈಸೂರು:
ಹಿಮೋಗ್ಲೋಬಿನ್ ಸಾಲದು. ಫೆರಿಟಿನ್ ಮಾಡಿಸಿ. ಅದು ಕಬ್ಬಿಣದ ದಾಸ್ತಾನು. ಹಿಮೋಗ್ಲೋಬಿನ್ ಸರಿಯಿದ್ದೂ ದಾಸ್ತಾನು ಖಾಲಿ ಇರುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಲ್ಯಾಬ್ ಚೀಟಿಯಲ್ಲಿ 15 ಇದ್ದರೂ ನಾರ್ಮಲ್ ಅಂತ ಅಚ್ಚಾಗಿರಬಹುದು. ಕೂದಲಿನ ವಿಚಾರಕ್ಕೆ 30-40ರ ಮೇಲಿರಲಿ ಅಂತ ನಾವು ನೋಡುತ್ತೇವೆ. ಜೊತೆಗೆ ಬಿ12, ಫೋಲೇಟ್, ವಿಟಮಿನ್ ಡಿ, ಜಿಂಕ್, ಅಲ್ಬುಮಿನ್ (ರಕ್ತದ ಪ್ರೋಟೀನ್), ಥೈರಾಯ್ಡ್‌ನ ಟಿಎಸ್‌ಎಚ್ ಮಾಡಿಸಿ.

ಧಾರವಾಡ_ಅಕ್ಕ:
ಬೈಪಾಸ್ ಆದವರು ಇದನ್ನು ಇನ್ನೂ ಗಮನವಿಟ್ಟು ಓದಿ. ಕಬ್ಬಿಣ ಹೀರುವುದು ಸಣ್ಣ ಕರುಳಿನ ಮೊದಲ ಭಾಗ. ನಮಗೆ ಊಟ ಆ ಭಾಗಕ್ಕೆ ಹೋಗುವುದೇ ಇಲ್ಲ. ಹಾಗಾಗಿ ಮಾತ್ರೆ ಜೀವನಪೂರ್ತಿ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ ಮೇಲೆ ಟೀ, ಕಾಫಿ ಕುಡಿದರೆ ಅದು ಹಿಡಿಯುವುದಿಲ್ಲ. ನಾನು ಬೆಳಿಗ್ಗೆ ಮಾತ್ರೆಯನ್ನು ಸಕ್ಕರೆ ಇಲ್ಲದ ನಿಂಬೆ ನೀರಿನ ಜೊತೆ ತಗೊಂಡು ಕಾಫಿಯನ್ನು ಹತ್ತು ಗಂಟೆಗೆ ದೂಡಿದ್ದೇನೆ. ಧಾರವಾಡದ ಮಳೆಗಾಲದಲ್ಲಿ ಬೆಳಗಿನ ಕಾಫಿ ಬಿಡುವುದು ಸುಲಭದ ಮಾತಲ್ಲ.

ಕಬ್ಬಿನಗದ್ದೆ:
ಜಿಂಕ್ ಎಷ್ಟು ಬೇಕಾದರೂ ತಿನ್ನಬಹುದಾ? ಕೂದಲಿಗೆ ಒಳ್ಳೆಯದು ಅಂತಾರೆ.

ಡಯಟಿಷಿಯನ್_ಮಂಗಳೂರು:
ಬೇಡ. ಜಿಂಕ್ ಜಾಸ್ತಿಯಾದರೆ ತಾಮ್ರ ಕಡಿಮೆಯಾಗುತ್ತದೆ. ಅದರಿಂದ ರಕ್ತಹೀನತೆ ಬರಬಹುದು, ಕಾಲು ಜೋಮು ಹಿಡಿಯಬಹುದು. ವಿಟಮಿನ್ ಎ, ಸೆಲೆನಿಯಂ ಅತಿಯಾದರೆ ಕೂದಲೇ ಉದುರುತ್ತದೆ. ಬ್ಯಾರಿಯಾಟ್ರಿಕ್ (ತೂಕ ಇಳಿಸುವ ಆಪರೇಷನ್ ಆದವರ) ಮಲ್ಟಿವಿಟಮಿನ್ ತಪ್ಪದೆ ತಗೊಳ್ಳಿ. ಅದರ ಮೇಲೆ ಏನು ಸೇರಿಸುವುದಿದ್ದರೂ ರಿಪೋರ್ಟ್ ನೋಡಿಯೇ ಸೇರಿಸಿ.

ಬಿಸಿಲೂರು:
ತಿರುಪತಿಗೋ ಧರ್ಮಸ್ಥಳಕ್ಕೋ ಹೋಗಿ ಮುಡಿ ಕೊಟ್ಟುಬಿಡಿ. ಬೋಳಿಸಿದರೆ ದಪ್ಪಗೆ ಬರುತ್ತದೆ.

ಚರ್ಮವೈದ್ಯೆ_ಮೈಸೂರು:
ಹರಕೆ ಇದ್ದರೆ ಖಂಡಿತ ಕೊಡಿ. ದಪ್ಪ ಬರುತ್ತದೆ ಅಂತ ಕೊಡಬೇಡಿ. ಬೇರು ಚರ್ಮದ ಒಳಗಿದೆ, ಕ್ಷೌರದ ಕತ್ತಿಗೆ ಅದು ಸಿಗುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಮುಟ್ಟಿದರೆ ಒರಟು ಅನಿಸುತ್ತದೆ, ಅಷ್ಟೇ.

ಹಂಪಿನಗರ_ಹುಡುಗಿ:
ನಾನು ಭುಜದ ತನಕ ಕತ್ತರಿಸಿಕೊಂಡೆ. ಉದುರುವುದು ನಿಲ್ಲಲಿಲ್ಲ, ಆದರೆ ಉದ್ದ ಕೂದಲು ಕೈಗೆ ಸುತ್ತಿಕೊಂಡು ಬರುವ ಸಂಕಟ ತಪ್ಪಿತು. ನೆತ್ತಿ ಕಾಣದ ಹಾಗೆ ಬೈತಲೆಯನ್ನು ಪಕ್ಕಕ್ಕೆ ತೆಗೆಯಿರಿ. ಹೇರ್ ಫೈಬರ್ ಪುಡಿ ಸಿಗುತ್ತದೆ, ಬೈತಲೆಗೆ ಉದುರಿಸಿದರೆ ಫೋಟೋದಲ್ಲಿ ಗೊತ್ತೇ ಆಗಲ್ಲ. ಮದುವೆಗೆ ಚೌರಿ ಸೇರಿಸಿ ಮೊಗ್ಗಿನ ಜಡೆ ಹಾಕಿಸಿ, ಆದರೆ ಬಿಗಿಯಾಗಿ ಎಳೆದು ಕಟ್ಟಲು ಬಿಡಬೇಡಿ. ಈಗ ಸ್ಟ್ರೇಟನಿಂಗ್, ಕಲರಿಂಗ್ ಎಲ್ಲಾ ದೂರ ಇಡಿ.

ಕಬ್ಬಿನಗದ್ದೆ:
ಗಂಡಸರ ಕಷ್ಟವನ್ನೂ ಹೇಳುತ್ತೇನೆ. ನನಗೆ ಉದುರಿದ್ದು ಪೂರ್ತಿ ವಾಪಸ್ ಬರಲಿಲ್ಲ. ಪಕ್ಕದಲ್ಲಿ ಬಂತು, ನೆತ್ತಿ ಮೇಲೆ ಬರಲಿಲ್ಲ.

ಚರ್ಮವೈದ್ಯೆ_ಮೈಸೂರು:
ಅದು ವಂಶದಿಂದ ಬರುವ ಬೊಕ್ಕತಲೆ ಇರಬಹುದು, ಆಪರೇಷನ್ ನಂತರದ ಉದುರುವಿಕೆಯಿಂದ ಬೇಗ ಕಣ್ಣಿಗೆ ಬಿದ್ದಿದೆ. ಒಮ್ಮೆ ತೋರಿಸಿಕೊಳ್ಳಿ. ಇದಕ್ಕೆ ಮಿನಾಕ್ಸಿಡಿಲ್ ಅನ್ನುವ ಔಷಧಿ ಇದೆ. ಶುರುವಿನ ಕೆಲವು ವಾರ ಅದರಿಂದಲೂ ಉದುರುವುದು ಜಾಸ್ತಿ ಆಗಬಹುದು, ಗಾಬರಿಯಾಗಿ ಬಿಡಬೇಡಿ. ಸಂಪಿಗೆ ಅವರಿಗೆ ಸದ್ಯಕ್ಕೆ ಅದು ಬೇಕಿಲ್ಲ.

ಶಿರಸಿ_ತಂಬುಳಿ:
ವಿಷಯ ಬೇರೆ, ಕ್ಷಮಿಸಿ. ಇನ್ಶೂರೆನ್ಸ್ ಕೊಡುತ್ತಾರಾ?

ಲಂಡನ್_ಕನ್ನಡತಿ:
ಅಕ್ಕನಿಗೆ ಸಿಕ್ಕಿತು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ಇರಬೇಕು, ಅಥವಾ 35 ಇದ್ದು ಹತೋಟಿಗೆ ಬಾರದ ಶುಗರ್, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹೃದಯದ ಕಾಯಿಲೆ ಥರದ್ದು ಇರಬೇಕು. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯಾ ನೋಡಿ.

ಸಂಪಿಗೆ_ತುಮಕೂರು:
ರಿಪೋರ್ಟ್ ಬಂತು. ಫೆರಿಟಿನ್ 9. ವಿಟಮಿನ್ ಡಿ 14. ಬಿ12, ಟಿಎಸ್‌ಎಚ್ ಸರಿಯಿದೆ. ಸರ್ಜನ್ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಎರಡು ತಿಂಗಳಲ್ಲಿ ಏರದಿದ್ದರೆ ಇಂಜೆಕ್ಷನ್ ಅಂದಿದ್ದಾರೆ. ಫ್ಲೇವರ್ ಇಲ್ಲದ ಪುಡಿ ತಂದಿದ್ದೇನೆ, ಬಸ್ಸಾರಿಗೆ ಹಾಕಿದರೆ ರುಚಿ ಕೆಡುವುದಿಲ್ಲ. ಮನೆಯಲ್ಲಿ ರಿಪೋರ್ಟ್ ತೋರಿಸಿದೆ. ಮೊಟ್ಟೆ ಬೇಯಿಸಲು ಈಗ ಅತ್ತೆಯೇ ಎದ್ದು ಹೋಗುತ್ತಾರೆ.

ಧಾರವಾಡ_ಅಕ್ಕ:
ಶಹಬ್ಬಾಸ್ ತಂಗಿ. ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು.

ಕಲಬುರಗಿ_ತೊಗರಿ:
ಎಲ್ಲಾ ಓದಿದೆ. ನನಗೂ ಸ್ಲೀವ್ ಆಗಿ ಎರಡು ತಿಂಗಳು ದಾಟಿದೆ, ಕೂದಲು ಉದುರುವುದು ಶುರುವಾಗಿದೆ. ಆದರೆ ನನಗೆ ಪ್ರೋಟೀನ್ ಇರಲಿ, ನೀರೂ ನಿಲ್ಲುತ್ತಿಲ್ಲ. ಎರಡು ವಾರದಿಂದ ತಿಂದದ್ದೆಲ್ಲ ವಾಂತಿ. ಕಣ್ಣು ಮಂಜಾಗುತ್ತಿದೆ, ನಡೆದರೆ ತೂರಾಡಿದ ಹಾಗೆ. ನಿಶ್ಶಕ್ತಿ ಇರಬೇಕು. ಓಣಿಯ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಿಕೊಂಡರೆ ಸರಿಹೋಗುತ್ತದಾ?

ಡಯಟಿಷಿಯನ್_ಮಂಗಳೂರು:
ಸರ್, ಬರೀ ಗ್ಲೂಕೋಸ್ ಹಾಕಿಸಬೇಡಿ. ಕೂದಲಿನ ಮಾತು ಬಿಡಿ, ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ನಾಳೆ ಅನ್ನಬೇಡಿ.

ಚರ್ಮವೈದ್ಯೆ_ಮೈಸೂರು:
ಹೌದು, ಇದು ತುರ್ತು. ದಿನಗಟ್ಟಲೆ ವಾಂತಿಯಾದರೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಖಾಲಿಯಾಗುತ್ತದೆ. ಅದರ ದಾಸ್ತಾನು ದೇಹದಲ್ಲಿ ಎರಡು-ಮೂರು ವಾರಕ್ಕೆ ಮಾತ್ರ. ಕಣ್ಣು ಮಂಜು, ತೂರಾಟ ಅದರ ಲಕ್ಷಣ. ತಡವಾದರೆ ಮೆದುಳಿಗೆ ಶಾಶ್ವತ ಹಾನಿ ಆಗಬಹುದು. ತುರ್ತು ವಿಭಾಗದಲ್ಲಿ ಮೊದಲ ಮಾತೇ "ನನಗೆ ಸ್ಲೀವ್ ಆಗಿದೆ, ಎರಡು ವಾರದಿಂದ ವಾಂತಿ" ಅಂತ ಇರಲಿ. ಗ್ಲೂಕೋಸ್‌ಗೆ ಮುಂಚೆ ಥಯಾಮಿನ್ ಕೊಡಿ ಅಂತ ಕೇಳಿ. ಗಾಡಿ ನೀವು ಓಡಿಸಬೇಡಿ.

ಕಬ್ಬಿನಗದ್ದೆ:
ಅಣ್ಣಾ, ಹೊರಟಿರಾ? ಒಂದು ಮಾತು ಹಾಕಿ.

ಕಲಬುರಗಿ_ತೊಗರಿ:
ಹೊರಟೆ. ತಮ್ಮ ಕಾರು ತೆಗೆದಿದ್ದಾನೆ. ನಿಮ್ಮ ಈ ಉತ್ತರವನ್ನೇ ಫೋನಿನಲ್ಲಿ ತೋರಿಸುತ್ತೇನೆ.

ಧಾರವಾಡ_ಅಕ್ಕ:
ಡಿಸ್ಚಾರ್ಜ್ ಸಮ್ಮರಿ ಕಾಗದ ಜೊತೆಗೆ ಇಟ್ಟುಕೊಳ್ಳಿ. ಸರ್ಜನ್‌ಗೆ ದಾರಿಯಲ್ಲೇ ಫೋನ್ ಮಾಡಿ.

ಕಲಬುರಗಿ_ತೊಗರಿ:
ನಾನು ಅವರ ತಮ್ಮ ಬರೆಯುತ್ತಿದ್ದೇನೆ. ಅಡ್ಮಿಟ್ ಮಾಡಿಕೊಂಡಿದ್ದಾರೆ. ಥಯಾಮಿನ್ ಮೊದಲು ಹಾಕಿದರು, ಆಮೇಲೆ ಡ್ರಿಪ್. ಸ್ಲೀವ್ ನಡುವೆ ಕಿರಿದಾಗಿರಬಹುದು ಅಂತ ನಾಳೆ ಬೆಳಿಗ್ಗೆ ಎಂಡೋಸ್ಕೋಪಿ ಇದೆ. ಬಲೂನ್ ಹಾಕಿ ಹಿಗ್ಗಿಸುತ್ತಾರಂತೆ. ಅದಕ್ಕೆ ಬೇಹೋಶಿ ಕೊಡುತ್ತಾರಾ, ಎಷ್ಟು ಹೊತ್ತು ಹಿಡಿಯುತ್ತದೆ, ಗೊತ್ತಿದ್ದವರು ಹೇಳಿ.

ಮಲೆನಾಡ_ಮಳೆ:
ನನಗೆ ಮಾಡಿದ್ದರು. ನಿದ್ದೆಯ ಇಂಜೆಕ್ಷನ್ ಕೊಟ್ಟರು, ನೋವೇ ಗೊತ್ತಾಗಲಿಲ್ಲ, ಒಂದು ಗಂಟೆಯೊಳಗೆ ಮುಗಿಯಿತು. ಕೆಲವರಿಗೆ ಎರಡು-ಮೂರು ಸಲ ಮಾಡಬೇಕಾಗುತ್ತದೆ, ಅದಕ್ಕೆ ತಯಾರಿರಿ. ಆ ದಿನ ಸಂಜೆಯೇ ನನಗೆ ನೀರು ಇಳಿಯಿತು.